ಹೂವಿನ ಬುಟ್ಟಿ, ಮಸಾರಿ ಮಣ್ಣು, ಒಗೆದ ಪಂಚೆ

ಚಿತ್ರ ಬರೆಯುವ ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: ‘ಹೊಸ ಬಣ್ಣವೇ ಹೊಳೆಯುತ್ತಿಲ್ಲ.’ ಕುಂಚ ಇದೆ, ಕಾಗದ ಇದೆ, ಬಿಡುವನ್ನೂ ಹೇಗೋ ಹೊಂದಿಸಿಕೊಂಡಾಗಿದೆ. ಹಾಳೆಯ ಮುಂದೆ ಕೂತರೆ ಮಾತ್ರ ಕೈಗೆ ಬರುವುದು ಅದೇ ನೀಲಿ ಆಕಾಶ, ಅದೇ ಹಸಿರು ಗುಡ್ಡ, ಅದೇ ಕಿತ್ತಳೆ ಸೂರ್ಯ. ಇದಕ್ಕೆ ಮದ್ದೆಂದು ಕೆಲವರು ರಾಜಸ್ಥಾನಕ್ಕೋ ಲಡಾಖಿಗೋ ಹೋಗಿಬರುತ್ತಾರೆ. ಕೆಲವರು ಇನ್ನೊಂದು ದೊಡ್ಡ ಬಣ್ಣದ ಡಬ್ಬಿ ತರಿಸುತ್ತಾರೆ. ಎರಡರಿಂದಲೂ ಸ್ವಲ್ಪ ದಿನ ಹುರುಪು ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬೆಳಗಿನ ಕೆಲಸಕ್ಕೆ ಮುಂಚೆ ಅರ್ಧ ಗಂಟೆ, ಭಾನುವಾರ ಮಧ್ಯಾಹ್ನ ಒಂದಿಷ್ಟು ಹೊತ್ತು ಎಂದು ಕದ್ದು ಚಿತ್ರ ಬರೆಯುವ ನಮ್ಮಂಥವರಿಗೆ ಬಣ್ಣ ಸಿಗಬೇಕಾದದ್ದು ಹಾಲು ತರಲು ಹೋಗುವ ದಾರಿಯಲ್ಲಿ, ಹಿತ್ತಲಿನ ತಂತಿಯ ಮೇಲೆ, ಬಸ್ಸಿನ ಕಿಟಕಿಯಲ್ಲಿ. ಅಲ್ಲಿ ಬೇಕಾದಷ್ಟು ಇದೆ. ಅದನ್ನು ಕಣ್ಣಿಂದ ಹಾಳೆಗೆ ಇಳಿಸಿಕೊಳ್ಳುವುದು ಹೇಗೆಂಬುದೇ ಪ್ರಶ್ನೆ.

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಬೆಳಿಗ್ಗೆ ಹೂವಿನವರು ಕೂತಿರುವ ಕಡೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಅಲ್ಲಿ ಹೂ ಕಟ್ಟುವ ಹೆಂಗಸಿನ ಕೈ ಒಂದು ಲೆಕ್ಕದ ಮೇಲೆ ಓಡುತ್ತಿರುತ್ತದೆ. ಒಂದಿಷ್ಟು ಕನಕಾಂಬರ, ಆಮೇಲೆ ಒಂದು ಎಸಳು ಮರುಗ, ಆಮೇಲೆ ಮಲ್ಲಿಗೆ, ಮತ್ತೆ ಮರುಗ. ನೋಡಿ ನೋಡಿ ಒಮ್ಮೆ ಕೇಳಿದೆ: ‘ಅಕ್ಕ, ಪ್ರತಿ ಸಲ ಮಧ್ಯೆ ಮರುಗ ಯಾಕೆ? ವಾಸನೆಗಾ?’

‘ವಾಸನೆಗೂ ಹೌದು. ಬರೀ ಕನಕಾಂಬರನೇ ಕಟ್ಕೊಂಡು ಹೋದ್ರೆ ದೂರಕ್ಕೆ ಕೆಂಪು ದಾರದ ಥರ ಕಾಣ್ತದಮ್ಮ. ಪಕ್ಕದಲ್ಲಿ ಹಸ್ರು ಬಿದ್ರೇನೇ ಹೂವು ಎದ್ದು ಕಾಣೋದು’ ಎಂದರು, ದಾರದಿಂದ ಕಣ್ಣೆತ್ತದೆ.

ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಷೆಲ್ ಯೂಜೆನ್ ಶೆವ್ರೋಲ್ ಒಂದು ದೊಡ್ಡ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗದ ಹೊಣೆ ಆತನದು. ಅಲ್ಲಿ ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆಂದು ದೂರು ಬಂತು. ಪರೀಕ್ಷಿಸಿ ನೋಡಿದರೆ ನೂಲಿನ ಬಣ್ಣದಲ್ಲಿ ಯಾವ ಕೊರತೆಯೂ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಎಳೆಗಳು ಕಪ್ಪನ್ನು ಮಂಕು ಮಾಡುತ್ತಿದ್ದವು. ಆ ಎಳೆ ಹಿಡಿದು ಹೋದ ಶೆವ್ರೋಲ್ 1839ರಲ್ಲಿ ತನ್ನ ಪುಸ್ತಕ ಪ್ರಕಟಿಸಿದ. ಒಂದು ಬಣ್ಣ ಹೇಗೆ ಕಾಣುತ್ತದೆಂಬುದು ಅದರ ನೆರೆಹೊರೆಯ ಮೇಲಿದೆ ಎಂಬುದು ಅದರ ತಿರುಳು. ಮುಂದೆ ಬಂದ ಫ್ರೆಂಚ್ ಚಿತ್ರಕಾರರ ಒಂದು ತಲೆಮಾರೇ ಆ ಪುಸ್ತಕದಿಂದ ಕಲಿಯಿತು. ಗಾಂಧಿ ಬಜಾರಿನ ಅಕ್ಕನಿಗೆ ಅದನ್ನು ದಿನವೂ ಮಾಡಿ ಮಾಡಿ ಕೈಗೇ ಗೊತ್ತಾಗಿದೆ.

ಹಾಗಾಗಿ ಚಿತ್ರಕ್ಕೆ ಬಣ್ಣ ಹುಡುಕುವವರು ಒಂಟಿ ಬಣ್ಣದ ಹಿಂದೆ ಬೀಳಬಾರದು, ಜೋಡಿ ಹುಡುಕಬೇಕು. ಕನಕಾಂಬರದ ಕಿತ್ತಳೆಯನ್ನು ಹಾಳೆಯ ಮೇಲೆ ಒಂದೇ ಬಳಿದರೆ ಅದು ಬರೀ ಕಿತ್ತಳೆ. ಪಕ್ಕದಲ್ಲಿ ಮರುಗದ ಬೂದಿ ಮಿಶ್ರಿತ ಹಸಿರು ಒಂದು ಗೆರೆ ಬಿದ್ದರೆ ಬೆಳಗಿನ ಆ ಬುಟ್ಟಿ ಕಣ್ಣೆದುರಿಗೆ ಬರುತ್ತದೆ. ಸೊಪ್ಪಿನ ಗಾಡಿಯಲ್ಲಿ ದಂಟಿನ ಸೊಪ್ಪಿನ ಕೆಂಪು ಕಾಂಡಕ್ಕೆ ತಾಗಿಕೊಂಡ ಸಬ್ಬಸಿಗೆ, ಹಳೇ ಮನೆಯ ಹಸಿರು ಬಾಗಿಲಿಗೆ ತಾಗಿದ ಕಾವಿ ಪಟ್ಟಿ, ಬದನೆಕಾಯಿ ಮತ್ತು ಅದರ ತೊಟ್ಟು. ಇಂಥ ಜೋಡಿಗಳು ನಮ್ಮ ಬೀದಿಗಳಲ್ಲಿ ಹೆಜ್ಜೆಗೊಂದು ಸಿಗುತ್ತವೆ.

ನೋಡುವುದಕ್ಕೆ ಒಂದು ಸಣ್ಣ ಉಪಾಯ ಇದೆ, ಖರ್ಚಿಲ್ಲದ್ದು. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಕಾಳುಮೆಣಸಿನ ಗಾತ್ರದ ತೂತು ಮಾಡಿ, ತೋಳುದ್ದ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಿ. ಗೋಡೆ, ಮರ, ನೆಲ ಎಂಬ ಗುರುತೆಲ್ಲ ಅಳಿಸಿಹೋಗಿ ಬರೀ ಬಣ್ಣ ಉಳಿಯುತ್ತದೆ. ಆಗ ಗೊತ್ತಾಗುತ್ತದೆ, ದೂರದ ತೆಂಗಿನ ತೋಟ ಹಸಿರಲ್ಲ, ನೀಲಿಗೆ ವಾಲಿದ ಬೂದು. ಟಾರು ರಸ್ತೆ ಕಪ್ಪಲ್ಲ. ಮಧ್ಯಾಹ್ನ ಅದು ಆಕಾಶದ ಬೆಳಕನ್ನು ಹೊತ್ತು ತೆಳು ನೇರಳೆಯಾಗಿರುತ್ತದೆ. ಎಲೆ ಹಸಿರು, ಆಕಾಶ ನೀಲಿ ಎಂದು ನಮ್ಮ ತಲೆಯಲ್ಲಿ ಬರೆದಿಟ್ಟದ್ದೇ ಹಾಳೆಗೆ ಬರುತ್ತಿರುವವರೆಗೆ ಎಷ್ಟು ಟ್ಯೂಬು ಕೊಂಡರೂ ಚಿತ್ರಗಳೆಲ್ಲ ಒಂದೇ ಥರ ಇರುತ್ತವೆ. ಆ ತೂತು ತಲೆಯನ್ನು ಪಕ್ಕಕ್ಕೆ ಸರಿಸಿ ಕಣ್ಣಿಗೆ ಕೆಲಸ ಕೊಡುತ್ತದೆ.

ಬಿಳಿಯಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು. ಒಗೆದು ತಂತಿಯ ಮೇಲೆ ಹರವಿದ ಒಂದು ಪಂಚೆ ಸಾಕು. ಬೆಳಿಗ್ಗೆ ಏಳರ ಬಿಸಿಲಿಗೆ ಅದರ ಬೆಳಕಿನ ಬದಿ ತಿಳಿಹಳದಿ, ಹಾಲಿನ ಕೆನೆಗೆ ಹತ್ತಿರ. ಅದೇ ಹೊತ್ತಿಗೆ ಮಡಿಕೆಗಳ ನೆರಳು ಸ್ಪಷ್ಟವಾಗಿ ನೀಲಿ, ಏಕೆಂದರೆ ನೇರ ಬಿಸಿಲು ತಾಗದ ಕಡೆಗೆ ಬೆಳಕು ಕೊಡುತ್ತಿರುವುದು ನೀಲಿ ಆಕಾಶ. ಕೆಳಅಂಚಿಗೆ ಬನ್ನಿ: ಅಂಗಳದಲ್ಲಿ ಕೆಮ್ಮಣ್ಣಿದ್ದರೆ ಅಲ್ಲಿ ನಸುಗೆಂಪು ಛಾಯೆ ಏರಿರುತ್ತದೆ, ಪಕ್ಕದಲ್ಲಿ ಬಾಳೆ ಗಿಡವಿದ್ದರೆ ಒಂದು ಮಗ್ಗುಲು ಎಳೆಹಸಿರು. ಹನ್ನೆರಡಕ್ಕೆ ಇದೆಲ್ಲ ತೊಳೆದುಹೋಗಿ ಕಣ್ಣು ಕುಕ್ಕುವ ಬಿಳುಪೊಂದೇ ಉಳಿಯುತ್ತದೆ. ಸಂಜೆ ಐದೂವರೆಗೆ ಬೆಳಕಿನ ಬದಿ ಪಪ್ಪಾಯಿಯ ತಿರುಳಿಗೆ ಹತ್ತಿರವಾಗುತ್ತದೆ, ನೆರಳು ನೇರಳೆಯಾಗುತ್ತದೆ. ಮೋಡದ ದಿನ ಹಳದಿಯೂ ಇಲ್ಲ, ನೀಲಿಯೂ ಇಲ್ಲ, ಬೂದಿಯ ಹತ್ತಾರು ಮೆಟ್ಟಿಲುಗಳು. ಒಂದೇ ಬಟ್ಟೆ, ಒಂದೇ ತಂತಿ. ಬಿಳಿ ಬಣ್ಣದ ಟ್ಯೂಬು ಮುಟ್ಟದೆಯೇ ಈ ಪಂಚೆಯನ್ನು ಬರೆಯಬಹುದು. ಜಲವರ್ಣದಲ್ಲಿ ಕಾಗದವೇ ಬಿಳಿ, ಉಳಿದದ್ದೆಲ್ಲ ನೆರಳಿನ ಕೆಲಸ.

ಪಂಚೆಯ ಮಾತು ಬಂದಾಗ ನೀಲಿ ಪುಡಿಯನ್ನು ನೆನೆಯದೆ ಮುಂದೆ ಹೋಗಲಾಗದು. ಹಳದಿಗಟ್ಟಿದ ಬಿಳಿ ಬಟ್ಟೆಗೆ ನಮ್ಮ ಅಮ್ಮಂದಿರು ಬಕೆಟ್ಟಿನಲ್ಲಿ ಒಂದು ಚಿಟಿಕೆ ಕದಡುತ್ತಿದ್ದ ಆ ಪುಡಿ ಬೇರೇನಲ್ಲ, ಕೃತಕವಾಗಿ ತಯಾರಿಸಿದ ಅಲ್ಟ್ರಾಮರೀನ್. ಚಿತ್ರಕಾರರ ಟ್ಯೂಬಿನಲ್ಲಿರುವುದೂ ಅದೇ. ಒಂದು ಕಾಲಕ್ಕೆ ಈ ನೀಲಿಯನ್ನು ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಲಾಪಿಸ್ ಲಜೂಲಿ ಕಲ್ಲನ್ನು ಅರೆದು ತೆಗೆಯಬೇಕಿತ್ತು; ಯುರೋಪಿನ ಚಿತ್ರಕಾರರು ಅದಕ್ಕೆ ಚಿನ್ನದಂಥ ಬೆಲೆ ತೆರುತ್ತಿದ್ದರು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದನ್ನು ಕೃತಕವಾಗಿ ಮಾಡುವ ವಿಧಾನ ಸಿಕ್ಕ ಮೇಲೆ ಅದು ಅಗಸರ ಕಟ್ಟೆಯವರೆಗೂ ಇಳಿಯಿತು. ಹಳದಿಯನ್ನು ನೀಲಿ ಅಡಗಿಸುತ್ತದೆ, ಅದಕ್ಕೇ ಬಟ್ಟೆ ಬೆಳ್ಳಗೆ ಕಾಣುತ್ತದೆ. ಹಳ್ಳಿಗಳಲ್ಲಿ ಸುಣ್ಣಕ್ಕೆ ನೀಲಿ ಬೆರೆಸಿ ಗೋಡೆಗೆ ಬಳಿಯುವುದೂ ಇದೇ ಲೆಕ್ಕದಲ್ಲಿ. ಒಂದು ಹಿಡಿ ಹೆಚ್ಚು ಬಿದ್ದ ಆ ತೆಳುನೀಲಿ ಗೋಡೆಗಳ ಮುಂದೆ ಒಣಗಲು ಹರವಿದ ಬ್ಯಾಡಗಿ ಮೆಣಸಿನಕಾಯಿ ನೋಡಿದವರಿಗೆ ಬಣ್ಣದ ಪಾಠ ಬೇರೆ ಬೇಕಿಲ್ಲ.

ಹಗಲ ಬೆಳಕಿನ ಮಹತ್ವ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಸೀರೆ ಅಂಗಡಿಯಲ್ಲಿ ಎಲ್ಲ ಆರಿಸಿ ಆದ ಮೇಲೆ ‘ಸ್ವಲ್ಪ ಹೊರಗೆ ಹಿಡಿದು ನೋಡ್ತೀನಿ’ ಎಂದು ಬಾಗಿಲಿಗೆ ಬರುತ್ತಾರಲ್ಲ, ಅದು ಅನುಮಾನವಲ್ಲ, ಪರಿಣತಿ. ದೀಪದಡಿ ಒಂದೇ ಎನಿಸಿದ ಸೀರೆ ಮತ್ತು ರವಿಕೆ ಬಿಸಿಲಿಗೆ ಬಂದಾಗ ಬೇರೆ ಬೇರೆಯಾಗುವುದುಂಟು. ರಾತ್ರಿ ಟ್ಯೂಬ್‌ಲೈಟಿನಡಿ ಬೆರೆಸಿದ ಬಣ್ಣವೂ ಹಾಗೆಯೇ ಬೆಳಿಗ್ಗೆ ಮಾತು ತಪ್ಪುತ್ತದೆ. ಕಿಟಕಿಯ ಪಕ್ಕ ಕೂತು ಬೆರೆಸಿ.

ಇನ್ನು ಮಣ್ಣು. ಬಣ್ಣದ ಬಗ್ಗೆ ನನ್ನನ್ನು ಕೇಳಿದರೆ ಮೊದಲು ಕೆಳಗೆ ನೋಡಿ ಎನ್ನುತ್ತೇನೆ. ಬೆಂಗಳೂರಿನಿಂದ ವಿಜಯಪುರದ ಕಡೆಗೆ ಹಗಲು ಹೊತ್ತು ಪ್ರಯಾಣ ಮಾಡಿದವರಿಗೆ ಇದು ಕಂಡಿರುತ್ತದೆ. ತುಮಕೂರು, ಚಿತ್ರದುರ್ಗದ ಸೀಮೆಯಲ್ಲಿ ಹೊಲ ಉತ್ತ ಗೆರೆಗಳು ಇಟ್ಟಿಗೆಗೆಂಪು. ಉತ್ತರಕ್ಕೆ ಸಾಗಿದಂತೆ ಮಸಾರಿ ಕಡಿಮೆಯಾಗಿ ಎರೆ ಶುರುವಾಗುತ್ತದೆ. ಗದಗ ದಾಟಿದ ಮೇಲೆ ಮೈಲುಗಟ್ಟಲೆ ಎರೆಯೇ. ಮಸಾರಿಗೆ ಆ ಕೆಂಪು ಬಂದದ್ದು ಕಬ್ಬಿಣದ ಆಕ್ಸೈಡಿನಿಂದ, ಎಂದರೆ ಸರಳವಾಗಿ ತುಕ್ಕಿನ ಬಳಗ. ಎರೆ ಮಣ್ಣೂ ಒಂದೇ ಕಪ್ಪಲ್ಲ. ಮಳೆ ಬಿದ್ದಾಗ ಕಾಡಿಗೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ನಿಂತಾಗ ಆನೆಯ ಮೈಯ ಬೂದು. ಹಿಂಗಾರಿನಲ್ಲಿ ಆ ಕಪ್ಪಿನ ಮೇಲೆ ಕುಸುಬೆ ಹೂ ಬಿಡುತ್ತದೆ, ಹಳದಿಯಾಗಿ ಅರಳಿ ದಿನ ಕಳೆದಂತೆ ಕೇಸರಿಗೆ ತಿರುಗುತ್ತದೆ. ಕೇಸರಿಯನ್ನು ಅಷ್ಟು ಎತ್ತಿ ಹಿಡಿಯುವ ಹಿನ್ನೆಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕರಾವಳಿಗೆ ಇಳಿದರೆ ಮುರಕಲ್ಲು. ಈಗಷ್ಟೇ ಕಡಿದ ಕಲ್ಲಿನಲ್ಲಿ ಕೆಂಪು, ಹಳದಿ, ಗುಲಾಬಿ ಛಾಯೆಗಳು ಕಲೆಸಿಕೊಂಡಿರುತ್ತವೆ. ಗಾಳಿಗೆ ಗಟ್ಟಿಯಾಗುತ್ತ ಕಂದುಗಟ್ಟುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಾಚಿ ಹಿಡಿದು ಕಪ್ಪಾಗುತ್ತದೆ. ಹಂಚಿನ ಕಥೆಯೂ ಇದೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಅರ್ಧ ನಾಡಿನ ಮಾಡಿನ ಬಣ್ಣವೇ ಬದಲಾಯಿತು. ಮಣ್ಣಿನಲ್ಲಿರುವ ಕಬ್ಬಿಣ ಆವಿಗೆಯ ಬೆಂಕಿಗೆ ಕೆಂಪಾಗುತ್ತದೆ. ಚಿತ್ರಕಾರರ ಪೆಟ್ಟಿಗೆಯಲ್ಲಿ ಬರ್ನ್ಟ್ ಸಿಯೆನ್ನಾ ಎಂಬ ಟ್ಯೂಬು ಇರುತ್ತದೆ. ಇಟಲಿಯ ಹಳದಿ ಮಣ್ಣನ್ನು ಸುಟ್ಟು ಕೆಂಪು ಮಾಡಿದ್ದು ಅದು. ಮಂಗಳೂರು ಹಂಚನ್ನು ಬರೆಯಲು ಆ ಟ್ಯೂಬಿಗಿಂತ ಹತ್ತಿರದ್ದು ಇಲ್ಲ.

ಮಣ್ಣನ್ನು ನೀವೇ ಬಣ್ಣ ಮಾಡಿಕೊಳ್ಳಬಹುದು, ಮತ್ತು ಒಮ್ಮೆಯಾದರೂ ಮಾಡಲೇಬೇಕು. ಊರಿಂದ ಬರುವಾಗ ಒಂದು ಹಿಡಿ ಮಣ್ಣು ಕಟ್ಟಿಕೊಂಡು ಬನ್ನಿ. ಪಾತ್ರೆಯಲ್ಲಿ ನೀರಿಗೆ ಹಾಕಿ ಚೆನ್ನಾಗಿ ಕದಡಿ. ಮರಳು, ಕಲ್ಲು ಕೂಡಲೇ ತಳಕ್ಕೆ ಕೂರುತ್ತವೆ. ಮೇಲಿನ ಬಗ್ಗಡವನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿಕೊಳ್ಳಿ. ಒಂದೆರಡು ಸಲ ಹೀಗೆ ಮಾಡಿ ರಾತ್ರಿಯಿಡೀ ಬಿಟ್ಟರೆ ತಳದಲ್ಲಿ ಬೆಣ್ಣೆಯಂತೆ ನುಣುಪಾದ ಗಸಿ ನಿಲ್ಲುತ್ತದೆ. ತಿಳಿನೀರು ಚೆಲ್ಲಿ ಗಸಿಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ. ಒಂದು ಪಾಲು ಗೋಂದನ್ನು ಎರಡು ಪಾಲು ಬಿಸಿನೀರಿನಲ್ಲಿ ಕರಗಿಸಿ ಸೋಸಿ, ಅದಕ್ಕೆ ನಾಲ್ಕು ಹನಿ ಜೇನು, ಬೂಸು ಬಾರದಿರಲು ಒಂದು ಹನಿ ಲವಂಗದ ಎಣ್ಣೆ ಹಾಕಿ. ಇದನ್ನು ಮಣ್ಣಿನ ಪುಡಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ನುಣುಪು ಕಲ್ಲಿನ ಮೇಲೆ ಅರೆಯಿರಿ, ಚರಚರ ಸದ್ದು ನಿಲ್ಲುವವರೆಗೂ. ಹಳೇ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ತುಂಬಿ ಒಣಗಿಸಿದರೆ ಜಲವರ್ಣದ ಬಿಲ್ಲೆ ಸಿದ್ಧ. ತಾಯಿಯ ಊರಿನ ಗದ್ದೆಯ ಬದುವಿನ ಬಣ್ಣದಲ್ಲಿ ಆ ಊರಿನ ಮನೆಯನ್ನು ಬರೆದಾಗ ಆಗುವ ಸಂತೋಷ ಯಾವ ವಿದೇಶಿ ಡಬ್ಬಿಯಿಂದಲೂ ನನಗೆ ಸಿಕ್ಕಿಲ್ಲ.

ಅಡುಗೆಮನೆಯ ಬಣ್ಣಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಅರಿಶಿನ, ಬೀಟ್‌ರೂಟು, ದಾಸವಾಳ, ಇವೆಲ್ಲ ಹಾಳೆಯ ಮೇಲೆ ಮೊದಲ ದಿನ ಮನಸ್ಸು ಗೆಲ್ಲುತ್ತವೆ, ಬೆಳಕಿಗೆ ಬೇಗ ಮಂಕಾಗುತ್ತವೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇವು ಬೇಡ. ಆದರೆ ನೋಡಿ ಕಲಿಯಲು ಇವಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಆರತಿ ತಟ್ಟೆಯ ಓಕುಳಿಯನ್ನೇ ನೋಡಿ: ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದ ಕ್ಷಣ ಹಳದಿ ಕರಗಿ ಕೆಂಪು ಹರಡಿಕೊಳ್ಳುತ್ತದೆ. ಸುಣ್ಣದ ಕ್ಷಾರಕ್ಕೆ ಅರಿಶಿನದ ಬಣ್ಣದ ಅಂಶ ಹೀಗೆ ತಿರುಗುತ್ತದೆ. ತಟ್ಟೆಯ ಅಂಚಿನಲ್ಲಿ ನೀರು ತೆಳುವಾದ ಕಡೆ ಕಿತ್ತಳೆ, ನಡುವೆ ಆಳವಾದ ಕಡೆ ರಕ್ತಗೆಂಪು. ಒಂದೇ ಬಣ್ಣ ನೀರಿನ ಆಳದಿಂದ ಎಷ್ಟು ಬಣ್ಣವಾಗಬಲ್ಲದೆಂಬುದು ಜಲವರ್ಣದ ಮೊದಲ ಪಾಠ.

ಬಣ್ಣ ಕಡಿಮೆಯಾದಷ್ಟೂ ಕಣ್ಣು ಚುರುಕಾಗುತ್ತದೆ ಎಂಬುದಕ್ಕೆ ಮಲೆನಾಡಿನ ದೀವರ ಹೆಣ್ಣುಮಕ್ಕಳ ಚಿತ್ತಾರ ಸಾಕ್ಷಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆಗಳಲ್ಲಿ ಮದುವೆ ಮನೆಯ ಹಸೆಯೇ ಎದ್ದು ನಿಲ್ಲುತ್ತದೆ. ಈ ನಾಲ್ಕರಲ್ಲಿ ಪೇಟೆಯಿಂದ ತಂದದ್ದು ಯಾವುದೂ ಇಲ್ಲ. ಸಾಗರ, ಸೊರಬದ ಕಡೆ ಹೋದಾಗ ಹಳೇ ಮನೆಯ ಗೋಡೆಯಲ್ಲಿ ಉಳಿದಿರುವ ಚಿತ್ತಾರ ಕಂಡರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ಆ ಬಿಳಿ ಅಚ್ಚ ಬಿಳಿಯಲ್ಲ, ಕೆಳಗಿನ ಕೆಂಪು ತುಸು ಇಣುಕುತ್ತಿರುತ್ತದೆ. ಆ ಚಿತ್ರಕ್ಕೆ ಬೆಚ್ಚನೆ ಹಿತ ಬಂದದ್ದೇ ಅದರಿಂದ.

ನೋಡಿದ್ದರಿಂದ ಬಣ್ಣಕ್ಕೆ ಹೆಸರಿಡುವ ಪರಿಪಾಠ ನಮ್ಮಲ್ಲಿ ಹಳೆಯದು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಲೆಗೇ ಒಂದು ಭಾಗವಿದೆ. ಶಂಖದ ಬಿಳಿ, ಇಂಗಲೀಕದ ಕೆಂಪು, ಹರಿದಳದ ಹಳದಿ, ಕಾಡಿಗೆಯ ಕಪ್ಪು ಎಂದು ಶುದ್ಧ ಬಣ್ಣಗಳನ್ನು ಹೇಳಿ, ಇವುಗಳ ಬೆರಕೆಯಿಂದ ಬರುವ ಬಣ್ಣಗಳನ್ನು ಕೆಂದಾವರೆ, ಹೊಗೆ, ಪಾರಿವಾಳ ಮುಂತಾದ ಕಂಡ ವಸ್ತುಗಳಿಂದಲೇ ಗುರುತಿಸುತ್ತಾನೆ. ಅರಮನೆಯಲ್ಲಿ ಕೂತ ದೊರೆಗೂ ಬಣ್ಣದ ಅಳತೆಗೋಲು ಕೆರೆಯ ಹೂ ಮತ್ತು ಸೂರಿನ ಹಕ್ಕಿ.

ಬೆಂಗಳೂರಿಗರಿಗೆ ಇನ್ನೊಂದು ಭಾಗ್ಯವಿದೆ, ಮರಗಳದ್ದು. ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುವಾಗುವಂತೆ ಬೀದಿಗಳಿಗೆ ಮರ ಆರಿಸಿದರು. ಚಳಿ ಇಳಿಯುವಾಗ ಗುಲಾಬಿ ಟಬೆಬುಯಾ, ಹಿಂದೆಯೇ ಹಳದಿಯದು, ಜಕರಂಡದ ನೇರಳೆ, ಏಪ್ರಿಲ್-ಮೇ ತಿಂಗಳಿಗೆ ಗುಲ್‌ಮೊಹರ್. ಈ ಮರಗಳ ಚಿತ್ರಕಾರರೆಂದರೆ ರುಮಾಲೆ ಚೆನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟ, ‘ತಾಯಿನಾಡು’ ಪತ್ರಿಕೆ, ರಾಜಕಾರಣ ಎಲ್ಲ ಆದ ಮೇಲೆ 60ರ ದಶಕದಲ್ಲಿ ಪೂರ್ತಿಯಾಗಿ ಚಿತ್ರಕ್ಕೆ ಮರಳಿ, ಹೂ ಬಿಟ್ಟ ಮರದೆದುರಿಗೇ ಹೋಗಿ ನಿಂತು ಬರೆದವರು ಅವರು. ಅವರ ಗುಲ್‌ಮೊಹರ್‌ನಲ್ಲಿ ಕೆಂಪೊಂದೇ ಇಲ್ಲ. ನೆರಳಿನಲ್ಲಿ ನೇರಳೆ, ಬಿಸಿಲಿಗೆ ಕಿತ್ತಳೆ, ನಡುನಡುವೆ ಹಸಿರು ಚುಕ್ಕೆ. ಅವರಿಗಿಂತ ಒಂದು ತಲೆಮಾರು ಹಿಂದಿನ ಕೆ. ವೆಂಕಟಪ್ಪನವರು (1886–1965) ಊಟಿ, ಕೊಡೈಕನಾಲ್‌ಗಳ ಬೆಟ್ಟಗಳನ್ನು ಸೂರ್ಯೋದಯದಲ್ಲಿ, ಮಂಜಿನಲ್ಲಿ, ಬೆಳದಿಂಗಳಲ್ಲಿ ಬರೆದ ಜಲವರ್ಣಗಳು ಇದಕ್ಕೆ ತೀರ ಬೇರೆ ದಾರಿ. ಅಲ್ಲಿ ಬಣ್ಣ ಪಿಸುಮಾತಿನಷ್ಟು ತೆಳು. ಇಬ್ಬರೂ ನೋಡಿದ್ದು ಎಲ್ಲರ ಕಣ್ಣಿಗೂ ಬೀಳುವ ಮರ, ಗುಡ್ಡಗಳನ್ನೇ. ಹೂವಿಗಿಂತ ತಳಿರು ನನಗೆ ಹೆಚ್ಚು ಇಷ್ಟ. ಯುಗಾದಿಯ ಹೊತ್ತಿಗೆ ಅರಳಿ ಮರ ತಾಮ್ರ, ಮಾವು ಕಂದುಗೆಂಪು, ಹೊಂಗೆ ಎಣ್ಣೆ ಸವರಿದಂಥ ಎಳೆಹಸಿರು. ಹಸಿರು ಟ್ಯೂಬಿನಿಂದ ಇವು ಯಾವುವೂ ಬರುವುದಿಲ್ಲ. ಹಳದಿ, ನೀಲಿ ಬೆರೆಸಿ, ಚೂರು ಕೆಂಪು ಹಾಕಿ ಅದರ ಗರ್ವ ಇಳಿಸಿದರೇ ಎಲೆ ಎಲೆಯಾಗುವುದು.

ಇದನ್ನೆಲ್ಲ ಹಿಡಿದಿಡಲು ಮೊಬೈಲ್ ಫೋಟೊ ಸಾಲದು. ಸಂಜೆಯ ಬೆಳಕಿನಲ್ಲಿರುವ ಹಳದಿಯನ್ನು ಕ್ಯಾಮೆರಾ ತಪ್ಪೆಂದು ತಿಳಿದು ತಾನೇ ತಿದ್ದಿಬಿಡುತ್ತದೆ. ನೆರಳಿನ ಒಳಗಿನ ನೇರಳೆಯನ್ನು ಕಪ್ಪಿಗೆ ತಳ್ಳುತ್ತದೆ. ಜೇಬಿಗೆ ಹಿಡಿಯುವ ಒಂದು ಪುಸ್ತಕ, ಸಣ್ಣ ಬಣ್ಣದ ಡಬ್ಬಿ, ನೀರು ತುಂಬುವ ಕುಂಚ ಇಟ್ಟುಕೊಳ್ಳಿ. ಚಿತ್ರ ಬರೆಯಬೇಕಿಲ್ಲ. ಕಂಡ ಜೋಡಿ ಬಣ್ಣವನ್ನು ಅಲ್ಲೇ ಬೆರೆಸಿ ಪಕ್ಕಪಕ್ಕ ಎರಡು ಪಟ್ಟಿ ಬಳಿದು, ಕೆಳಗೆ ಏನು, ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಯಾವ ಬಣ್ಣ ಬೆರೆಸಿದ್ದು ಎಂದು ಬರೆದಿಡಿ. ಬೆರೆಸುವಾಗಲೇ ಕಣ್ಣಿಗೆ ಉತ್ತರ ಸಿಗುವುದು: ಇದಕ್ಕೆ ಇನ್ನಷ್ಟು ನೀಲಿ ಬೇಕು, ಇದು ಇಷ್ಟು ಕೆಂಪಿಲ್ಲ. ಭಾನುವಾರ ಹಾಳೆಯ ಮುಂದೆ ಕೂತಾಗ ಆ ಪುಸ್ತಕ ತೆರೆದರೆ, ಏನು ಬರೆಯಲಿ ಎಂಬ ಪ್ರಶ್ನೆ ಏಳುವುದೇ ಇಲ್ಲ. ಎರಡು ಪಟ್ಟಿಗಳೇ ಮುಂದಿನ ಚಿತ್ರವನ್ನು ಹೇಳುತ್ತವೆ.

ಕೊನೆಯದಾಗಿ ಮಕ್ಕಳಿರುವ ಮನೆಯವರಲ್ಲಿ ಒಂದು ಕೋರಿಕೆ. ಎಲೆ ಹಸಿರು, ಕಾಗೆ ಕಪ್ಪು, ನೀರು ನೀಲಿ ಎಂದು ಬಣ್ಣ ತುಂಬುವ ಪುಸ್ತಕಗಳನ್ನು ಸ್ವಲ್ಪ ದಿನ ಎತ್ತಿಡಿ. ಅವರ ಕೈಗೆ ಕೆಂಪು, ಹಳದಿ, ನೀಲಿ, ಈ ಮೂರೇ ಕೊಟ್ಟು, ನಿಮ್ಮ ಮನೆಯ ಅಂಗಳದ ಮಣ್ಣಿನ ಬಣ್ಣ ಬೆರೆಸಿ ತೋರಿಸು ಎನ್ನಿ. ಕಾಗೆಯ ಕತ್ತಿನ ಬೂದು, ಕೆರೆಯ ನೀರಿನ ಹಸಿರುಗಂದು ಅವರಾಗಿಯೇ ಕಂಡುಕೊಳ್ಳುತ್ತಾರೆ. ತಪ್ಪು ಎಂದು ತಿದ್ದಬೇಡಿ. ಪಕ್ಕದಲ್ಲಿ ಕೂತು ನೀವೂ ಒಂದು ಪಟ್ಟಿ ಬಳಿಯಿರಿ.